ಮಗಳ ಮೊದಲ ಕಾರು: ಹೊಳಪಿಗಿಂತ ತಯಾರಾದ ತಿಂಗಳು ಮುಖ್ಯ

ಮಗಳಿಗೆ ಹದಿನೆಂಟು ತುಂಬಿ ಡಿಎಲ್ ಬಂದ ಮೇಲೆ ಸೆಕೆಂಡ್ ಹ್ಯಾಂಡ್ ಕಾರು ಹುಡುಕಿದೆ. ಬಜೆಟ್ ನಾಲ್ಕೂವರೆ ಲಕ್ಷ. ಅದರಲ್ಲಿ 50 ಸಾವಿರ ಟೈರು, ಕ್ಲಚ್, ಇನ್ಶೂರೆನ್ಸ್‌ಗೆಂದು ಮೊದಲೇ ಎತ್ತಿಟ್ಟೆ. ಹೊಸದಾಗಿ ಓಡಿಸುವವರು ಅರೆ ಕ್ಲಚ್ಚಿನಲ್ಲೇ ಹೆಚ್ಚು ಹೊತ್ತು ಇರುತ್ತಾರೆ; ಸವೆದ ಕ್ಲಚ್ ಬೇಗ ಕೈಕೊಡುತ್ತದೆ.

ಯಾವ ಕಾರನ್ನೇ ನೋಡಲಿ, ಮೊದಲು ಆರ್‌ಸಿಯಲ್ಲಿ ತಯಾರಾದ ತಿಂಗಳು ಓದುತ್ತಿದ್ದೆ, ನೋಂದಣಿ ದಿನಾಂಕವನ್ನಲ್ಲ. ಹೊಸ ಕಾರುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಜುಲೈಯಿಂದ ಚಾಲಕರ ಏರ್‌ಬ್ಯಾಗ್ ಕಡ್ಡಾಯವಾಯಿತು. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಮಾಡೆಲ್‌ಗೂ ಬರುವಷ್ಟರಲ್ಲಿ 2021 ಮುಗಿದಿತ್ತು. ಮೊದಲ ಕೆಲವು ತಿಂಗಳು ಆ ಸೀಟಿನಲ್ಲಿ ಕೂರುವವರು ಅಪ್ಪನೋ ಅಮ್ಮನೋ ತಾನೆ? ಹಾಗಾಗಿ 2019–21ರ ಕಾರಾದರೆ ಎರಡೂ ಏರ್‌ಬ್ಯಾಗ್ ಇರುವ ವೇರಿಯಂಟನ್ನೇ ಕೇಳಿದೆ. ಟಚ್‌ಸ್ಕ್ರೀನು, ಅಲಾಯ್ ವೀಲಿಗೆ ಒಂದು ರೂಪಾಯಿಯೂ ಹೆಚ್ಚು ಕೊಡಲು ಒಪ್ಪಲಿಲ್ಲ.

ಏರ್‌ಬ್ಯಾಗ್ ಇದೆ ಎಂದರೆ ಸಾಲದು, ಅದು ಕೆಲಸ ಮಾಡಬೇಕು. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ಕಾಯಿರಿ: ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ತಾನಾಗಿ ಆರಬೇಕು, ಆಯಿಲ್, ಬ್ಯಾಟರಿ ದೀಪಗಳು ಉರಿಯುತ್ತಲೇ ಇರುತ್ತವೆ. ಏರ್‌ಬ್ಯಾಗ್ ದೀಪ ಹತ್ತದೇ ಇದ್ದರೆ ದೋಷ ಮುಚ್ಚಲು ದೀಪವನ್ನೇ ಕಿತ್ತಿರಬಹುದು. ಎಂಜಿನ್ ಸ್ಟಾರ್ಟ್ ಆದಾಗಲೇ ಉಳಿದ ದೀಪಗಳ ಜೊತೆ ಆರಿದರೆ ವೈರಿಂಗ್ ಬಗ್ಗೆ ಅನುಮಾನಪಡಿ. ಇಂಥ ಕಾರು ಎಷ್ಟೇ ಅಗ್ಗವಾದರೂ ಬೇಡ.

ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಒಳತುದಿಯಲ್ಲಿ ಮಣ್ಣಿನ ಕಲೆಯಿದ್ದರೆ ನೀರಿನಲ್ಲಿ ಮುಳುಗಿದ ಗಾಡಿ ಇರಬಹುದು. ಸೀಟಿನ ಕೆಳಗಿನ ಬೋಲ್ಟು, ಸ್ಟೆಪ್ನಿ ಗುಂಡಿಯ ತುಕ್ಕನ್ನೂ ಹುಡುಕಿ. ಬಾನೆಟ್, ಫೆಂಡರ್ ಬೋಲ್ಟುಗಳ ತಲೆಯ ಪೇಂಟ್ ಕೆದರಿದ್ದರೆ ಸ್ಪ್ಯಾನರ್ ಬಿದ್ದಿದೆ ಎಂದೇ ಅರ್ಥ. ಏಕೆ ಬಿಚ್ಚಿದರೆಂದು ಕೇಳಿ. ಟೈರಿನ ಪಕ್ಕದಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಹಳೆಯ ರಬ್ಬರು ಗಟ್ಟಿಯಾಗಿ ಮಳೆಯಲ್ಲಿ ಜಾರುತ್ತದೆ. ಗ್ರೂವ್ ಆಳವಿದ್ದರೂ ಆರು ವರ್ಷ ದಾಟಿದ ನಾಲ್ಕನ್ನೂ ಬದಲಿಸುವ ಲೆಕ್ಕ ಹಾಕಿದೆ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಬಿಸಿಯಾದ ಮೇಲೆ ಕೆಲವು ದೋಷ ಕಾಣುವುದಿಲ್ಲ. ನಾವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬೆಳಗ್ಗೆ ಹೋಗುವುದೇ ಸರಿ.

ಆರ್‌ಸಿಯಲ್ಲಿ ಸಾಲದ ನಮೂದಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪವಿಲ್ಲವೆಂಬ ಪತ್ರ), ಆ ನಮೂದು ತೆಗೆಸುವ ಫಾರಂ 35 ಬೇಕು. ವರ್ಗಾವಣೆಗೆ ಫಾರಂ 29 ಮತ್ತು 30. ಮಾರುವವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಇನ್ಶೂರೆನ್ಸ್ ಕಂತಿನಲ್ಲಿ ಸಿಗುವ ರಿಯಾಯಿತಿ) ನಮಗೆ ಬರುವುದಿಲ್ಲ, ಅದರ ವ್ಯತ್ಯಾಸ ಕಟ್ಟಬೇಕು. ಪಾಲಿಸಿಯನ್ನು 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಬೇಕು. ಬಾಕಿ ದಂಡವನ್ನು ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನೋಡಿ, ಅದನ್ನು ಮಾರುವವರಿಂದಲೇ ಕಟ್ಟಿಸಿದ ಮೇಲೆ ಕೊನೆಯ ಕಂತು ಕೊಟ್ಟೆ.