ನಿವೃತ್ತಿಗೆ ಮನೆ ಹುಡುಕುತ್ತಿದ್ದೀರಾ? ಕಕ್ಕಡದಲ್ಲಿ ಕೊಡೆ ಹಿಡಿದು ಬನ್ನಿ

ಕೊಡಗಿನಲ್ಲಿ ಮನೆ ನೋಡಲು ಎಲ್ಲರೂ ಬರುವುದು ಡಿಸೆಂಬರ್, ಜನವರಿಯಲ್ಲಿ. ಬಿಸಿಲು ಹಿತವಾಗಿರುತ್ತದೆ, ಕಾಫಿ ಹಣ್ಣಾಗಿರುತ್ತದೆ, ಅಂಗಳದಲ್ಲಿ ನಿಂತರೆ ಬೆಟ್ಟ ಕಾಣುತ್ತದೆ. ಅಲ್ಲೇ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಜುಲೈ ಬಂತೆಂದರೆ, ಕೊಡವರ ಮಳೆ ತಿಂಗಳು ಕಕ್ಕಡ ಶುರುವಾಯಿತೆಂದರೆ, ಅದೇ ಮನೆಯ ಮೆಟ್ಟಿಲಿಗೆ ಪಾಚಿ ಕಟ್ಟುತ್ತದೆ, ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಬೆಟ್ಟವಂತೂ ಮಂಜಿನಲ್ಲಿ ಕಾಣುವುದೇ ಇಲ್ಲ.

ಮಾದಾಪುರದ ಕಡೆ ತೋಟದ ಮನೆಯಲ್ಲಿದ್ದ ಅಪ್ಪ-ಅಮ್ಮನನ್ನು ಪೇಟೆಗೆ ಕರೆತರಲು ನಾವು ಎರಡು ವರ್ಷ ಹುಡುಕಿದೆವು. ಆಗ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು: ಯಾರ ಹತ್ತಿರ, ಎಷ್ಟು ಹತ್ತಿರ?

ಒಂದೇ ಊರು, ಬೇರೆ ಬೇರೆ ಗೇಟು. ನನಗೆ ಸರಿ ಅನ್ನಿಸಿದ ದೂರ ಇದು. ಮೊಮ್ಮಗ ಸ್ಕೂಲಿನಿಂದ ಒಬ್ಬನೇ ನಡೆದು ಬರುವಷ್ಟು ಹತ್ತಿರ ಇರಬೇಕು. ಮಧ್ಯಾಹ್ನ ಟಿವಿ ಜೋರಾಗಿಟ್ಟರೆ ಸೊಸೆಗೆ ಕೇಳದಷ್ಟು ದೂರವೂ ಇರಬೇಕು. ವರ್ಗಾವಣೆಯಾಗುವ ಕೆಲಸದಲ್ಲಿರುವ ಮಗನ ಹಿಂದೆ ಮನೆ ಮಾಡಬೇಡಿ. ಅವನು ಮೂರು ವರ್ಷಕ್ಕೆ ಹೊರಡುತ್ತಾನೆ, ನೀವು ಅಲ್ಲೇ ಉಳಿಯುತ್ತೀರಿ. ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದರೆ ಹತ್ತಿರದ ತಂಗಿ, ಭಾವ, ನಾದಿನಿ ಯಾರೆಂದು ನೋಡಿ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವವರು ಒಬ್ಬರಾದರೂ ಬೇಕು.

ಆಮೇಲೆ ಊರು

ನಡೆದಾಡಲು ಕುಶಾಲನಗರ ಸುಲಭ. ನೆಲ ಸಮತಟ್ಟು, ಮಳೆ ಮಡಿಕೇರಿಗಿಂತ ಎಷ್ಟೋ ಕಡಿಮೆ. ಮೈಸೂರಿಗೆ ಸುಮಾರು 90 ಕಿ.ಮೀ. ಬೆಂಗಳೂರಿನಿಂದ ಬರುವ ಮಕ್ಕಳು ಘಾಟಿ ಹತ್ತಬೇಕಿಲ್ಲ. ಮಡಿಕೇರಿಯಲ್ಲಿ ಎಲ್ಲ ಕಚೇರಿಗಳೂ ಇವೆ, ಜಿಲ್ಲಾ ಆಸ್ಪತ್ರೆ ಇದೆ, 2016ರಿಂದ ಮೆಡಿಕಲ್ ಕಾಲೇಜೂ ಇದೆ. ಆದರೆ ಊರೆಲ್ಲ ಏರು, ಇಳಿತ. ಶನಿವಾರ, ಭಾನುವಾರ ಪ್ರವಾಸಿಗರ ಕಾರುಗಳ ನಡುವೆ ರಸ್ತೆ ದಾಟುವುದೇ ಒಂದು ಸಾಹಸ. ದಕ್ಷಿಣ ಕೊಡಗಿನ ಕುಟುಂಬಗಳಿಗೆ ವಿರಾಜಪೇಟೆ ಅಥವಾ ಗೋಣಿಕೊಪ್ಪ ಸಹಜ ಆಯ್ಕೆ.

ಹೃದಯದ ತೊಂದರೆ ಇದ್ದವರು ಇನ್ನೊಂದು ಲೆಕ್ಕ ಹಾಕಬೇಕು. ದೊಡ್ಡ ಚಿಕಿತ್ಸೆಗೆ ನಮ್ಮವರು ಈಗಲೂ ಮೈಸೂರಿಗೋ ಮಂಗಳೂರಿಗೋ ಓಡುತ್ತಾರೆ. 2019ರಲ್ಲಿ ಜಿಲ್ಲೆಯ ಜನ ಸುಸಜ್ಜಿತ ತುರ್ತು ಆಸ್ಪತ್ರೆ ಬೇಕೆಂದು ಆನ್‌ಲೈನ್ ಅಭಿಯಾನವನ್ನೇ ಮಾಡಿದ್ದರು. ಜಿಲ್ಲೆಯಲ್ಲಿ ರೈಲಿಲ್ಲ, ಇರುವುದು ರಸ್ತೆ ಮಾತ್ರ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಕುಶಾಲನಗರದಲ್ಲಿದ್ದರೆ ಮೂವತ್ತು ಕಿ.ಮೀ. ಕಡಿಮೆಯಾಗುತ್ತದೆ. ಎದೆನೋವು ಬಂದ ರಾತ್ರಿ ಅದು ಸಣ್ಣ ವಿಷಯ ಅಲ್ಲ.

ನಡೆದು ನೋಡುವುದು

ಇದನ್ನು ಬ್ರೋಕರ್ ಕಾರಿನಲ್ಲಿ ಕೂತು ಮಾಡಲಾಗದು. ಮಳೆ ಬರುವ ದಿನವೇ ಹೋಗಿ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೂರು ಕಿಲೋ ತರಕಾರಿ ಚೀಲ. ಮನೆ ಬಾಗಿಲಿನಿಂದ ಹಾಲಿನ ಬೂತ್, ಮೆಡಿಕಲ್ ಶಾಪ್, ಬ್ಯಾಂಕ್, ಆಟೊ ಸ್ಟ್ಯಾಂಡ್, ಬಸ್ ಸ್ಟಾಪ್ ಎಲ್ಲವಕ್ಕೂ ನಡೆಯಿರಿ. ನಿಮ್ಮ ನಡಿಗೆಯಲ್ಲಿ ಅಲ್ಲ, ಮಂಡಿ ನೋವಿರುವ ಅಮ್ಮನ ನಡಿಗೆಯಲ್ಲಿ. ಹತ್ತು ನಿಮಿಷ ಮೀರಿದರೆ ಮುಂದೆ ಅದು ಆಟೊ ಖರ್ಚು ಎಂದೇ ತಿಳಿಯಿರಿ.

ಹೋಗುವಾಗ ಇಳಿಜಾರು ಇದ್ದರೆ ಬರುವಾಗ ಏರು, ಅದೂ ಚೀಲದ ಜೊತೆ. ಮಡಿಕೇರಿಯಲ್ಲಿ ನಮಗೆ ಒಂದು ಮನೆ ಬಹಳ ಇಷ್ಟವಾಗಿತ್ತು. ರಸ್ತೆಯಿಂದ ಮೆಟ್ಟಿಲಿಳಿದು ಹೋಗಬೇಕು. ನಾವು ಕಿಟಕಿಯಿಂದ ಕಣಿವೆ ನೋಡುತ್ತಾ ನಿಂತಿದ್ದೆವು. ಅಮ್ಮ ಸುಮ್ನೆ ಮೆಟ್ಟಿಲು ಎಣಿಸಿಕೊಂಡು ಬಂದಿದ್ದರು. "ನಲವತ್ತಮೂರು. ಗ್ಯಾಸ್ ಸಿಲಿಂಡರ್ ಯಾರು ಇಳಿಸ್ತಾರೆ? ನಿಮ್ಮಪ್ಪನಿಗೆ ಹುಷಾರಿಲ್ಲ ಅಂದ್ರೆ ಮೇಲೆ ಯಾರು ಹೊರ್ತಾರೆ?" ಅಂದರು. ಅಲ್ಲಿಗೆ ಆ ಮನೆಯ ಮಾತು ಮುಗಿಯಿತು.

ಸಂಜೆ ಏಳಕ್ಕೆ ಇನ್ನೊಮ್ಮೆ ಹೋಗಿ. ಬೀದಿ ದೀಪ ಉರಿಯುತ್ತವಾ, ಚರಂಡಿ ಮೇಲಿನ ಚಪ್ಪಡಿಗಳು ಸರಿಯಾಗಿವೆಯಾ, ನಾಯಿಗಳು ಎಷ್ಟಿವೆ? ಸಂತೆ ದಿನವೂ ನೋಡಿ. ಮಡಿಕೇರಿಯಲ್ಲಿ ಶುಕ್ರವಾರ ಕಂಡ ರಸ್ತೆಯೇ ಬೇರೆ.

ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆ ನೋಡುವವರು ಒಂದೇ ಪ್ರಶ್ನೆ ಕೇಳಿದರೆ ಸಾಕು: ಬೆಳಗ್ಗೆ ಆರಕ್ಕೆ ಇಲ್ಲಿ ಯಾರಾದರೂ ವಾಕಿಂಗ್ ಹೋಗ್ತಾರಾ? ಆನೆ ಓಡಾಡುವ ಜಾಗದಲ್ಲಿ ಯಾರೂ ಹೋಗುವುದಿಲ್ಲ. ಅಲ್ಲಿ ಮನೆ ಎಷ್ಟು ಚೆನ್ನಾಗಿದ್ದರೂ ನೀವು ಗೇಟಿನೊಳಗೇ ಇರಬೇಕಾಗುತ್ತದೆ.

ಬರೆ, ಹೊಳೆ

2018ರ ಆಗಸ್ಟ್ ಯಾರಿಗೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟವೇ ಜಾರಿತು. ಮಡಿಕೇರಿಯೊಳಗೆ ಇಂದಿರಾನಗರ, ಚಾಮುಂಡೇಶ್ವರಿನಗರದಲ್ಲೂ ಮನೆಗಳು ಹೋದವು. ಆ ವರ್ಷ, ಮತ್ತೆ 2019ರಲ್ಲೂ, ಕುಶಾಲನಗರದ ನದಿ ಬದಿಯ ಬಡಾವಣೆಗಳಿಗೆ ಕಾವೇರಿ ನುಗ್ಗಿತು. ಹಾಗಾಗಿ ಮನೆಯ ಹಿಂದೆ ಕಡಿದಾದ ಬರೆ, ಅಂದರೆ ಗೋಡೆಯಂತೆ ನಿಂತ ಮಣ್ಣಿನ ದಿಬ್ಬ, ಇದೆಯಾ ನೋಡಿ. ತಡೆಗೋಡೆ ಇದ್ದರೆ ನೀರು ಹೊರಬರಲು ಅದರಲ್ಲಿ ತೂತುಗಳಿರಬೇಕು. ಗೋಡೆ ಹೊಟ್ಟೆ ಉಬ್ಬಿದಂತೆ ಮುಂದೆ ಬಂದಿದ್ದರೆ ಆ ಮನೆ ಬೇಡ. ಹೊಳೆ ಹತ್ತಿರವಾದರೆ ಓನರ್‌ನನ್ನು ಕೇಳಬೇಡಿ, ಎದುರು ಮನೆಯವರನ್ನು ಕೇಳಿ. ನಾವು ನೋಡಿದ ಒಂದು ಮನೆಗೆ ಹೊಸ ಪೇಂಟ್ ಹೊಡೆದಿದ್ದರು. ಸ್ಟೋರ್ ರೂಮಿನ ಬಾಗಿಲ ಹಿಂದೆ ಮಾತ್ರ ಸೊಂಟದೆತ್ತರಕ್ಕೆ ಕೆಸರಿನ ಗೆರೆ ಹಾಗೇ ಉಳಿದಿತ್ತು.

ಮನೆ ಚಿಕ್ಕದಿರಲಿ

ಐದು ಸೆಂಟ್ ಜಾಗ (ಎಕರೆಗೆ ನೂರು ಸೆಂಟ್) ಧಾರಾಳ ಸಾಕು. ತೋಟದಲ್ಲಿ ಬೆಳೆದವರಿಗೆ ಹತ್ತು ಸೆಂಟ್ ಖಾಲಿ ಜಾಗ ಕಂಡರೆ ಕೈ ಸುಮ್ಮನಿರುವುದಿಲ್ಲ. ಎಂಬತ್ತರಲ್ಲಿ ಆ ಕಳೆ ಕೀಳುವವರು ಯಾರು?

ಒಂದೇ ಅಂತಸ್ತು, ಹೊಸ್ತಿಲಲ್ಲಿ ಎಡವದ ಹಾಗೆ ನೆಲ. ಹಂಚಿನ ಮನೆ ಚೆಂದ, ಆದರೆ ಪ್ರತಿ ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಒಡೆದ ಹಂಚು ಬದಲಿಸಲು, ಮಳೆನೀರು ಹರಿಯುವ ದಂಬೆಯಲ್ಲಿ ತುಂಬಿದ ಎಲೆ ತೆಗೆಯಲು ಜನ ಸಿಗಬೇಕು. ಟೆರೇಸಿನ ಮೇಲೆ ಶೀಟ್ ಹಾಕಿದ ಮನೆಯಾದರೆ ಸೋರುವ ಚಿಂತೆ ಕಡಿಮೆ. ಅದರ ಕೆಳಗೆ ಬಟ್ಟೆ ಒಣಗಿಸಲು ಜಾಗವೂ ಸಿಗುತ್ತದೆ. ಮೂರು ತಿಂಗಳು ಬಿಸಿಲಿಲ್ಲದ ಊರಲ್ಲಿ ಇದು ಬೆಡ್‌ರೂಮಿನಷ್ಟೇ ಮುಖ್ಯ. ಜುಲೈನಲ್ಲಿ ಸೋಲಾರ್ ಬಿಸಿನೀರು ನಂಬಿ ಕೂರಬೇಡಿ. ಇನ್ವರ್ಟರ್ ಬೇಕೇ ಬೇಕು.

ಅಂಗಳಕ್ಕೆ ನೆರಳಲ್ಲಿ ಇಂಟರ್‌ಲಾಕ್ ಬೇಡ. ಅದರ ಸಂದಿಯಲ್ಲಿ ಪಾಚಿ ಹಿಡಿಯುತ್ತದೆ. ಹಳೇ ಮನೆಯಲ್ಲಿ ಅಪ್ಪ ಜಾರಿದ್ದು ಅಂಥ ಅಂಗಳದಲ್ಲೇ, ಪೇಪರ್ ತರಲು ಹೋಗಿ. ಆರು ವಾರ ಮಲಗಿದ್ದರು. ಮನೆ ಬದಲಿಸೋಣ ಎಂದು ಅವರೇ ಹೇಳಿದ್ದು ಆಮೇಲೆ.

ಕಾಗದ ಪತ್ರ

ಇದನ್ನು ಸ್ಥಳೀಯ ವಕೀಲರಿಗೆ ಬಿಡಿ, ಹೊರಗಿನವರಿಗೆ ಅಲ್ಲ. ಕೊಡಗಿನ ಹಳೆಯ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಜಾಗದ ಲೆಕ್ಕ ಹೊರಜಿಲ್ಲೆಯವರಿಗೆ ಅರ್ಥವಾಗುವುದಿಲ್ಲ. ಇಡೀ ಕುಟುಂಬದ ಹಕ್ಕು ಅದರಲ್ಲಿ ಸೇರಿರಬಹುದು. ಭೂಪರಿವರ್ತನೆ ಆಗಿದೆಯಾ, ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತು ಇದೆಯಾ, ಪೇಟೆಯಾದರೆ ಇ-ಖಾತಾ ಇದೆಯಾ, ಇಸಿ (ಋಣಭಾರ ಪತ್ರ) ಏನು ಹೇಳುತ್ತದೆ, ಇಷ್ಟು ನೋಡಿಸಿ.

ತೋಟವನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿ ಪೇಟೆಗೆ ಬರುವವರು, ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಹಾಗೆ ಬರೆಸಿದ್ದರೆ, ನೋಡಿಕೊಳ್ಳದಿದ್ದಾಗ ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಆ ಪತ್ರವನ್ನು ರದ್ದು ಮಾಡಿಸಬಹುದು. ಮಗ ಒಳ್ಳೆಯವನೇ, ಬರೆಸುವುದರಿಂದ ಅವನಿಗೇನೂ ನಷ್ಟವಿಲ್ಲ. ಹಿರಿಯರ ಸಹಾಯವಾಣಿ 14567 ಅನ್ನು ಫೋನಿನಲ್ಲಿ ಈಗಲೇ ಸೇವ್ ಮಾಡಿಕೊಳ್ಳಿ.

ಕೊನೆಗೆ, ಬಾಡಿಗೆಗೆ ಇದ್ದು ನೋಡಿ

ಎಲ್ಲ ಸರಿಯಿದ್ದರೂ ತಕ್ಷಣ ಕೊಳ್ಳಬೇಡಿ. ಅದೇ ಬೀದಿಯಲ್ಲಿ 11 ತಿಂಗಳ ಕರಾರಿಗೆ ಬಾಡಿಗೆ ಮನೆ ಹಿಡಿಯಿರಿ. ಕರಾರು ಜೂನ್‌ನಲ್ಲಿ ಶುರುವಾಗಲಿ. ತೋಟದ ಮನೆ ಬೀಗ ಹಾಕಿಕೊಂಡು ಹಾಗೇ ಇರಲಿ, ಮಾರುವ ಮಾತು ಬೇಡ.

ಅಪ್ಪ ಕುಶಾಲನಗರದ ಬಾಡಿಗೆ ಮನೆಗೆ ಬಂದಾಗ ಮೊದಲು ಇಳಿಸಿದ್ದು ಮಳೆ ಅಳೆಯುವ ಮಾಪಕ. ತೋಟದಲ್ಲಿದ್ದಾಗ ದಿನಾ ಬೆಳಗ್ಗೆ ಎಂಟಕ್ಕೆ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಡೈರಿಯಲ್ಲಿ ಬರೆಯುತ್ತಿದ್ದರು. ಇಲ್ಲೂ ಬಿಡಲಿಲ್ಲ. "ಇದೆಂಥ ಮಳೆ, ಡಬ್ಬದ ತಳ ಒದ್ದೆಯಾಗಲ್ಲ" ಎಂದು ಜುಲೈ ಪೂರ್ತಿ ಗೊಣಗಿದರು. ಮುಂದಿನ ಏಪ್ರಿಲ್‌ನಲ್ಲಿ ಅದೇ ಬೀದಿಯ ಮೂರನೇ ಮನೆ ಖರೀದಿಸಿದೆವು. ಬಾಡಿಗೆ ಮನೆಯ ಓನರೂ ಮಾರಲು ತಯಾರಿದ್ದರು. ಆದರೆ ಅದರ ಜಗಲಿಗೆ ಬೆಳಗಿನ ಬಿಸಿಲು ಬೀಳುತ್ತಿರಲಿಲ್ಲ. ಪೇಪರ್ ಓದಲು ಬೆಳಕು ಸಾಲದು ಎಂದು ಅಪ್ಪ ಹನ್ನೊಂದು ತಿಂಗಳೂ ಹೇಳುತ್ತಿದ್ದರು.