ಲೆಕಖ್ ಮಾಡುವುದಾದರೆ ಎರಡು ದಿನ ಮೊದಲೇ ಮಾಡಿಡಿ

ಇಸ್ರೇಲಿನ ಹೈಫಾದಲ್ಲಿ ಒಬ್ಬರು ವಯಸ್ಸಾದ ಹೆಂಗಸನ್ನು ನೋಡಿಕೊಳ್ಳುವ ಕೆಲಸದಲ್ಲಿ ಒಂಬತ್ತು ವರ್ಷ ಇದ್ದೆ. ನಮ್ಮ ಮಂಗಳೂರು, ಉಡುಪಿ ಕಡೆಯವರು ಆ ಕೆಲಸಕ್ಕೆ ಅಲ್ಲಿ ತುಂಬ ಮಂದಿ ಇದ್ದಾರೆ. ಸೆಪ್ಟೆಂಬರ್ ಬಂತೆಂದರೆ ಅವರ ಪೈಕಿ ಯಾರಾದರೂ ಫೋನ್ ಮಾಡಿ, "ಆಂಟಿ, ಆ ಜೇನಿನ ಕೇಕ್ ಹೇಗೆ?" ಅಂತ ಕೇಳುತ್ತಾರೆ. ಅದಕ್ಕೇ ಒಮ್ಮೆ ಬರೆದೇ ಬಿಡುವ ಅಂತ ಕೂತೆ.

ರೋಶ್ ಹಶಾನಾ ಯಹೂದಿಗಳ ಹೊಸ ವರ್ಷ, ಅವರ ತಿಶ್ರೀ ತಿಂಗಳ ಮೊದಲ ಎರಡು ದಿನ. ವರ್ಷವಿಡೀ ಸಿಹಿಯಾಗಿರಲಿ ಎಂದು ಸೇಬಿನ ಹೋಳನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಾರೆ. ಪೂರ್ವ ಯುರೋಪಿನಿಂದ ಬಂದವರ ಮನೆಗಳಲ್ಲಿ ಜೊತೆಗೆ ಜೇನಿನ ಕೇಕೂ ಬೇಕು. ಅದೇ ಲೆಕಖ್. ನಾನು ನೋಡಿಕೊಳ್ಳುತ್ತಿದ್ದವರನ್ನು ಸಾವ್ತಾ ಎಂದು ಕರೆಯುತ್ತಿದ್ದೆ. ಹೀಬ್ರೂವಿನಲ್ಲಿ ಹಾಗೆಂದರೆ ಅಜ್ಜಿ.

ಮೊದಲ ವರ್ಷ ಉಮೇದಿನಲ್ಲಿ ಬೆಣ್ಣೆ ಹಾಕಿ ಮಾಡಿದೆ. ಸಾವ್ತಾ ಮೂಸಿ ನೋಡಿ ತಟ್ಟೆಯನ್ನು ಹಿಂದಕ್ಕೆ ಸರಿಸಿದರು. ಹಬ್ಬದ ಊಟದಲ್ಲಿ ಮಾಂಸ ಉಂಟಲ್ಲ, ಅದನ್ನು ತಿಂದ ಮೇಲೆ ಆ ಮನೆಯಲ್ಲಿ ಆರು ಗಂಟೆ ಹಾಲಿನ ಪದಾರ್ಥ ಮುಟ್ಟುವ ಹಾಗಿಲ್ಲ. ಕೇಕ್ ಪಕ್ಕದ ಮನೆಗೆ ಹೋಯಿತು, ಟಿನ್ ಮಾಂಸದ ಪಾತ್ರೆಗಳಿಂದ ಬೇರೆಯೇ ಇಡುವ ಹಾಲಿನ ಪಾತ್ರೆಗಳ ಕಪಾಟು ಸೇರಿತು. ಆದ್ದರಿಂದ ಬೆಣ್ಣೆ ಬೇಡ, ಎಣ್ಣೆಯೇ ಸರಿ. ಸೂರ್ಯಕಾಂತಿ ಎಣ್ಣೆ ಸಾಕು. ನಮ್ಮ ತೆಂಗಿನೆಣ್ಣೆ ಹಾಕಿದರೆ ಜೇನಿನ ಪರಿಮಳ ಅಡಗಿಬಿಡುತ್ತದೆ.

ಒಂದು ಉದ್ದ ಬ್ರೆಡ್ ಟಿನ್ನಿಗೆ ನನ್ನ ಅಳತೆ ಹೀಗೆ. ಮೈದಾ 220 ಗ್ರಾಂ, ಜೇನು 250 ಗ್ರಾಂ, ಸಕ್ಕರೆ 100 ಗ್ರಾಂ, ಮೊಟ್ಟೆ 2, ಎಣ್ಣೆ ಅರ್ಧ ಕಪ್, ಹಾಲು ಹಾಕದ ಗಟ್ಟಿ ಕಾಫಿ ಅರ್ಧ ಕಪ್. ಬೇಕಿಂಗ್ ಪೌಡರ್ 1 ಟೀ ಚಮಚ, ಅಡುಗೆ ಸೋಡಾ ಅರ್ಧ. ಸೋಡಾ ಬಿಡಬೇಡಿ, ಜೇನಿನ ಹುಳಿಯ ಜೊತೆ ಕೂಡಿ ಕೇಕನ್ನು ಎಬ್ಬಿಸುವುದು ಅದೇ. ಚಕ್ಕೆ ಪುಡಿ ಒಂದೂವರೆ ಟೀ ಚಮಚ, ಒಣಶುಂಠಿ ಪುಡಿ ಅರ್ಧ, ಒಂದು ಚಿಟಿಕೆ ಉಪ್ಪು. ಲವಂಗದ ಪುಡಿ ಕಾಲು ಚಮಚಕ್ಕಿಂತ ಒಂದು ಕಣವೂ ಹೆಚ್ಚಾಗಬಾರದು, ಹೆಚ್ಚಾದರೆ ಹಲ್ಲುಪುಡಿ ತಿಂದ ಹಾಗೆ ಇರುತ್ತದೆ.

ಜೇನು ಆದಷ್ಟು ಕಪ್ಪು ಬಣ್ಣದ್ದು, ಖಾರ ವಾಸನೆಯದ್ದು ತನ್ನಿ. ತಿಳಿ ಜೇನು ಒಲೆಯೊಳಗೆ ಬರೀ ಸಕ್ಕರೆಯಾಗಿ ಹೋಗುತ್ತದೆ. ಹರಳುಗಟ್ಟಿದ್ದರೆ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟರಾಯಿತು. ತಮಾಷೆ ನೋಡಿ, ಅವರ ಧರ್ಮದಲ್ಲಿ ಜೇನುನೊಣ ತಿನ್ನಬಾರದ ಜೀವಿ, ಜೇನು ಮಾತ್ರ ತಿನ್ನಬಹುದು. ನೊಣ ಹೂವಿನ ರಸವನ್ನು ಹೊತ್ತು ತರುತ್ತದೆ ಅಷ್ಟೆ, ತನ್ನ ಮೈಯಿಂದ ಕೊಟ್ಟದ್ದಲ್ಲ ಎಂಬ ಲೆಕ್ಕ.

ತೂಗುವ ತಕ್ಕಡಿ ಇಲ್ಲದವರು ಜೇನನ್ನು ಮುಕ್ಕಾಲು ಕಪ್ ಅಳೆಯಿರಿ, ಆದರೆ ಎಣ್ಣೆ ಅಳೆದ ಕಪ್ಪಿನಲ್ಲೇ. ಎಣ್ಣೆ ಸುರಿದು ಖಾಲಿಯಾದ ಕಪ್ಪಿಗೆ ಜೇನು ಹಾಕಿದರೆ ಒಂದು ಹನಿಯೂ ಅಂಟದೆ ಜಾರಿ ಬರುತ್ತದೆ. ಮೊಟ್ಟೆಯನ್ನು ಒಂದೊಂದಾಗಿ ಗಾಜಿನ ಲೋಟಕ್ಕೆ ಒಡೆಯಿರಿ. ರಕ್ತದ ಚುಕ್ಕೆ ಕಂಡರೆ ಸಾವ್ತಾ ಆ ಮೊಟ್ಟೆ ಎಸೆಯಲು ಹೇಳುತ್ತಿದ್ದರು. ಅವರ ನಿಯಮ ಅದು. ನನಗಂತೂ ಕೊಳೆತ ಮೊಟ್ಟೆ ಹಿಟ್ಟಿಗೆ ಬೀಳದಿರುವುದಕ್ಕೂ ಒದಗಿತು. ಕಾಫಿ ಉಗುರುಬೆಚ್ಚಗಿರಲಿ, ಸುಡುವ ಕಾಫಿಗೆ ಮೊಟ್ಟೆ ಬೆಂದು ಎಳೆಎಳೆಯಾಗುತ್ತದೆ. ಊರಿಗೆ ಬಂದ ಮೇಲೆ ನಾನು ಫಿಲ್ಟರ್ ಡಿಕಾಕ್ಷನ್ನನ್ನೇ ಹಾಕುತ್ತೇನೆ. ಹಿಟ್ಟು ಸೇರಿಸಿದ ಮೇಲೆ ತುಂಬ ಕಲಸಬೇಡಿ. ದೋಸೆ ಹಿಟ್ಟಿನಷ್ಟು ತೆಳ್ಳಗಾಯಿತೆಂದು ಗಾಬರಿಯಾಗಿ ಮೈದಾ ಸುರಿಯುವವರಿದ್ದಾರೆ. ಬೇಡ ಮಾರಾಯ್ರೆ, ಅದು ಇರಬೇಕಾದದ್ದೇ ಹಾಗೆ.

ಈ ಕೇಕ್ ಕೆಡುವುದು ಹೆಚ್ಚಾಗಿ ಒಲೆಯಲ್ಲಿ. ಜೇನು ಸಕ್ಕರೆಗಿಂತ ಬೇಗ ಕಪ್ಪಾಗುತ್ತದೆ. 180ಕ್ಕೆ ಇಟ್ಟರೆ ಮೇಲೆ ಕರಟಿ, ನಡುವೆ ಹಸಿ ಉಳಿಯುತ್ತದೆ. 160 ಡಿಗ್ರಿಯಲ್ಲಿ, ನಡುವಿನ ಅಂತಸ್ತಿನಲ್ಲಿ, 50ರಿಂದ 60 ನಿಮಿಷ. ಟಿನ್ನಿಗೆ ಬಟರ್ ಪೇಪರ್ ಹಾಸಿ, ಮುಕ್ಕಾಲಿಗಿಂತ ಕಡಿಮೆಯೇ ತುಂಬಿಸಿ. 35 ನಿಮಿಷಕ್ಕೇ ಮೇಲೆ ಕಪ್ಪಾಗುತ್ತಿದ್ದರೆ ಫಾಯಿಲ್ ಮುಚ್ಚಿ. ಅದಕ್ಕಿಂತ ಮೊದಲು ಬಾಗಿಲು ತೆಗೆದಿರೋ, ನಡು ಕುಸಿಯುತ್ತದೆ. ನಾನು ಹತ್ತು ನಿಮಿಷಕ್ಕೊಮ್ಮೆ ಬಗ್ಗಿ ನೋಡುತ್ತಿದ್ದರೆ ಸಾವ್ತಾ ಕುರ್ಚಿಯಲ್ಲೇ ಕೂತು, "ಲೆಆಟ್, ಲೆಆಟ್" ಅನ್ನುತ್ತಿದ್ದರು, ನಿಧಾನ ನಿಧಾನ ಅಂತ. ಕಡ್ಡಿ ಚುಚ್ಚಿದಾಗ ಹಸಿ ಹಿಟ್ಟು ಅಂಟದಿದ್ದರೆ ಆಯಿತು, ಒಂದೆರಡು ತೇವದ ಪುಡಿ ಇದ್ದರೂ ತೊಂದರೆ ಇಲ್ಲ.

ಪೂರ್ತಿ ಆರುವವರೆಗೆ ಟಿನ್ನಿನಿಂದ ತೆಗೆಯಬೇಡಿ. ಅವತ್ತೇ ಕತ್ತರಿಸಿದರೆ ಸಾಧಾರಣ ಮಸಾಲೆ ಕೇಕ್, ಮೇಲೆ ಗಟ್ಟಿ, ಒಳಗೆ ಒರಟು. ಫಾಯಿಲಿನಲ್ಲಿ ಬಿಗಿಯಾಗಿ ಸುತ್ತಿ ಹೊರಗೇ ಇಟ್ಟು ಎರಡನೇ ದಿನ ಬಿಡಿಸಿ ನೋಡಿ: ಮೇಲ್ಮೈ ಬೆರಳಿಗೆ ಅಂಟುತ್ತದೆ, ಲವಂಗದ ಘಾಟು ಇಳಿದಿರುತ್ತದೆ, ಚಾಕು ಹಲ್ವಕ್ಕೆ ಇಳಿದ ಹಾಗೆ ಇಳಿಯುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಮೂರು ದಿನ ದಾಟಿಸಬೇಡಿ, ಬೂಸು ಬರುತ್ತದೆ. ಉಳಿದದ್ದನ್ನು ತುಂಡು ಮಾಡಿ ಫ್ರೀಜರಿಗೆ ಹಾಕಿ.

ಅಕ್ರೋಟು ಹಾಕಬಹುದಾ ಅಂತ ಕೇಳುತ್ತಾರೆ. ಬೇರೆ ದಿನ ಹಾಕಿ, ರೋಶ್ ಹಶಾನಾಕ್ಕೆ ಹಲವರು ಅಕ್ರೋಟು ಮುಟ್ಟುವುದಿಲ್ಲ. ನೀವಿರುವ ಮನೆಯವರನ್ನು ಕೇಳಿಯೇ ಮಾಡಿ.

ಒಣಗಿದ ತುದಿಯನ್ನು ಬಿಸಾಡಬೇಡಿ. ಸಾವ್ತಾಗೆ ಬೇಕಾದದ್ದೇ ಅದು. ಹಬ್ಬ ಕಳೆದ ಮೇಲೆ ಹಲ್ಲಿನ ಸೆಟ್ ತೆಗೆದಿಟ್ಟು, ಲಿಂಬೆ ಹಿಂಡಿದ ಕಪ್ಪು ಚಹಾದಲ್ಲಿ ಅದ್ದಿ ಅದ್ದಿ, ಲೋಟದ ತಳದಲ್ಲಿ ಉಳಿದ ಪುಡಿಯನ್ನೂ ಚಮಚದಲ್ಲಿ ಕೆರೆದು ತಿನ್ನುತ್ತಿದ್ದರು.