ಎರಡು ಕಾಲಮ್ಮಿನ ನೋಟುಬುಕ್ಕು

2018ರ ಏಪ್ರಿಲ್ 27. ಬೆಳಿಗ್ಗೆ ಒಂಬತ್ತೂವರೆ ಆಗುತ್ತಿತ್ತು. ಸಿಯೋಲ್ ಪಕ್ಕದ ಗೊಯಾಂಗ್‌ನಲ್ಲಿರುವ ಕಿಂಟೆಕ್ಸ್ ಪ್ರದರ್ಶನ ಭವನದಲ್ಲಿ ಸುಮಾರು 3000 ಪತ್ರಕರ್ತರ ನಡುವೆ ನಾನೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಎದುರಿನ ದೊಡ್ಡ ಪರದೆಯ ಮೇಲೆ ಎರಡು ಕೊರಿಯಾಗಳ ಗಡಿಯಲ್ಲಿರುವ ಪನ್‌ಮುನ್‌ಜೊಮ್‌ನ ನೀಲಿ ಬಣ್ಣದ ಕೊಠಡಿಗಳು. ಅವುಗಳ ನಡುವೆ ಗಡಿಗೆರೆಯಾಗಿ ಸಿಮೆಂಟಿನ ಒಂದು ಕಟ್ಟೆ, ಐದು ಸೆಂಟಿಮೀಟರ್ ಎತ್ತರ, ಅರ್ಧ ಮೀಟರ್ ಅಗಲ. ನಮ್ಮೂರ ಮನೆಗಳ ಹೊಸಿಲಿನಷ್ಟೂ ಎತ್ತರವಿಲ್ಲ. ಉತ್ತರ ಕೊರಿಯಾದ ನಾಯಕ ಕಿಮ್ ಜಾಂಗ್ ಉನ್ ಅದನ್ನು ದಾಟಿ ದಕ್ಷಿಣಕ್ಕೆ ಕಾಲಿಟ್ಟರು. ನಾನು ಯಾವಾಗ ಆ ಕಡೆ ಬರಬಹುದು ಎಂದು ದಕ್ಷಿಣದ ಆಗಿನ ಅಧ್ಯಕ್ಷ ಮೂನ್ ಜೇ-ಇನ್ ಕೇಳಿದಾಗ, ಈಗಲೇ ಬನ್ನಿ ಎಂದು ಕಿಮ್ ಕೈ ಹಿಡಿದು ಅವರನ್ನು ಉತ್ತರಕ್ಕೆ ಕರೆದುಕೊಂಡು ಹೋದರು. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ನನ್ನ ಪಕ್ಕದಲ್ಲಿದ್ದ ಹಿರಿಯ ಕೊರಿಯನ್ ಛಾಯಾಗ್ರಾಹಕರೊಬ್ಬರು ಕ್ಯಾಮೆರಾ ಕೆಳಗಿಟ್ಟು ಕಣ್ಣೊರೆಸಿಕೊಂಡರು. ಹೊರದೇಶದ ಟಿ.ವಿ. ತಂಡಕ್ಕೆ ಕೊರಿಯನ್ನಿನಿಂದ ಇಂಗ್ಲಿಷಿಗೆ ಹೇಳುತ್ತಾ ಹೋಗಬೇಕಾಗಿದ್ದ ನನಗೂ ಒಂದರ್ಧ ನಿಮಿಷ ಗಂಟಲು ಕಟ್ಟಿತು.

ನಾನು ಸಾಗರದ ಕಡೆಯವಳು. ಕೊರಿಯನ್ ಕಲಿತು, ಸ್ಕಾಲರ್‌ಶಿಪ್ಪಿನ ಮೇಲೆ ಸಿಯೋಲ್‌ಗೆ ಬಂದು, ಇಲ್ಲೇ ಭಾಷಾಂತರ ಮಾಡಿಕೊಂಡು ನಿಂತವಳು. ಕಂಪನಿಗಳ ಕರಾರುಪತ್ರ, ಯಂತ್ರಗಳ ಕೈಪಿಡಿ, ಇವೇ ನನ್ನ ದಿನದ ಕೆಲಸ. ಹಿಂದಿನ ವರ್ಷ, ಅಂದರೆ 2017ರ ಸೆಪ್ಟೆಂಬರ್ 3ರಂದು ಉತ್ತರ ಕೊರಿಯಾ ಆರನೇ ಸಲ ಅಣ್ವಸ್ತ್ರ ಪರೀಕ್ಷೆ ಮಾಡಿದಾಗ ಅಪ್ಪ ದಿನಕ್ಕೆರಡು ಸಲ ಫೋನು ಮಾಡಿ, 'ಬ್ಯಾಗು ಕಟ್ಟಿಕೊಂಡು ಬಂದುಬಿಡೇ' ಎನ್ನುತ್ತಿದ್ದರು. ಏಳೇ ತಿಂಗಳಲ್ಲಿ ಎರಡೂ ಕಡೆಯವರು ಒಂದೇ ಮೇಜಿಗೆ ಬಂದಿದ್ದರು. ಆ ಮೇಜಿನ ಅಗಲವನ್ನೂ ಆ ವರ್ಷದ ಗುರುತಿಗೆಂದು 2018 ಮಿಲಿಮೀಟರ್ ಇಟ್ಟಿದ್ದರು.

ಆವತ್ತು ನಾನೊಂದು ತಪ್ಪು ಮಾಡಿದೆ. ಮುಂದೆ ಈ ಮಾತುಕತೆಗಳನ್ನು ನಾನು ಓದಿದ ರೀತಿಯೆಲ್ಲ ಹುಟ್ಟಿದ್ದು ಆ ತಪ್ಪಿನಿಂದ.

ಸಂಜೆ ಇಬ್ಬರೂ ಸಹಿ ಹಾಕಿ ಹೊರಗೆ ಬಂದು ಮಾತಾಡಿದರು. ಸಂಪೂರ್ಣ 'ಬಿಹೆಖ್ವಾ'ದ, ಅಂದರೆ ಅಣ್ವಸ್ತ್ರ ಇಲ್ಲವಾಗಿಸುವುದರ, ಮೂಲಕ ಅಣ್ವಸ್ತ್ರವಿಲ್ಲದ ಪರ್ಯಾಯ ದ್ವೀಪವನ್ನು ಸಾಧಿಸುವುದು ನಮ್ಮಿಬ್ಬರ ಗುರಿ ಎಂದು ಮೂನ್ ಹೇಳಿದರು. ತಂಡದ ನಿರ್ಮಾಪಕಿ ಮೈಕು ಮುಚ್ಚಿಕೊಂಡು, ಹಾಗಾದರೆ ಉತ್ತರ ಕೊರಿಯಾ ಬಾಂಬು ಬಿಟ್ಟುಕೊಡಲು ಒಪ್ಪಿತು, ಹೌದಾ ಎಂದು ಕೇಳಿದರು. ಹೌದು ಅಂದುಬಿಟ್ಟೆ. ಆ ಸಾಲು ಪರದೆಯ ಕೆಳಗೆ ಓಡಿತು. ಆಮೇಲೆ ಘೋಷಣೆಯ ಪ್ರತಿ ಕೈಗೆ ಬಂತು. ಮೂರು ಪುಟವನ್ನು ಬೆರಳಿಟ್ಟುಕೊಂಡು ಓದಿದೆ. 'ಬಿಹೆಖ್ವಾ' ಎಂಬ ಪದದ ಹಿಂದೆ ಎಲ್ಲೂ ಉತ್ತರದ ಹೆಸರಿರಲಿಲ್ಲ. ಇದ್ದದ್ದು ಪರ್ಯಾಯ ದ್ವೀಪದ ಹೆಸರು ಮಾತ್ರ. ಕಿಮ್ ತಮ್ಮ ಸಂಜೆಯ ಮಾತಿನಲ್ಲಿ ಆ ಪದವನ್ನೇ ಎತ್ತಿರಲಿಲ್ಲ, ಅದೂ ಆಗಲೇ ನನ್ನ ಗಮನಕ್ಕೆ ಬಂದದ್ದು. ನಿರ್ಮಾಪಕಿಗೆ ಹೋಗಿ ಹೇಳಿದೆ, ಅವರು ಸಾಲು ಬದಲಿಸಿದರು. ಅಷ್ಟರಲ್ಲಿ ಅದು ಎಷ್ಟು ಮನೆಗಳಿಗೆ ಹೋಗಿತ್ತೋ.

ಮಾರನೇ ದಿನ ಒಂದು ಉದ್ದನೆಯ ನೋಟುಬುಕ್ಕು ತಂದು ನಡುವೆ ಗೆರೆ ಎಳೆದೆ. ಎಡಕ್ಕೆ ದಕ್ಷಿಣದ ಪ್ರತಿ, ಬಲಕ್ಕೆ ಉತ್ತರದ್ದು. ಉತ್ತರದ ಸುದ್ದಿಸಂಸ್ಥೆ ಏಪ್ರಿಲ್ 28ರಂದು ಪೂರ್ತಿ ಪಾಠವನ್ನೇ ಪ್ರಕಟಿಸಿತ್ತು. ದಕ್ಷಿಣದಲ್ಲಿ ಕೂತವರಿಗೆ ಆಗ ಅವರ ಜಾಲತಾಣಗಳು ತೆರೆಯುತ್ತಿರಲಿಲ್ಲ, ತಡೆ ಇತ್ತು. ಟಿ.ವಿ. ತಂಡದವರು ತಮ್ಮ ದೇಶದಿಂದ ಪ್ರತಿ ತರಿಸಿಕೊಟ್ಟರು. ಸಾಲಿಗೆ ಸಾಲು ಎದುರುಬದುರು ಬರೆಯುತ್ತಾ ಹೋದೆ.

ದಕ್ಷಿಣದವರು ತಮ್ಮ ನೆಲವನ್ನು 'ಹನ್‌ಬಾಂದೊ' ಅನ್ನುತ್ತಾರೆ, ಹನ್ ಪರ್ಯಾಯ ದ್ವೀಪ. ಉತ್ತರದವರಿಗೆ ಅದು 'ಚೊಸೊನ್‌ಬಾಂದೊ'. ದಕ್ಷಿಣದ ಪ್ರತಿಯಲ್ಲಿ 'ನಂಬುಕ್', ಮೊದಲು ದಕ್ಷಿಣ ಆಮೇಲೆ ಉತ್ತರ. ಉತ್ತರದ ಪ್ರತಿಯಲ್ಲಿ ಅದೇ ಜಾಗದಲ್ಲಿ 'ಬುಂಗ್‌ನಮ್', ಮೊದಲು ಉತ್ತರ. ಸಾಮಾನ್ಯವಾಗಿ ಇವರು ಅವರನ್ನು 'ಬುಖಾನ್' ಎಂದೂ, ಅವರು ಇವರನ್ನು 'ನಮ್‌ಜೊಸೊನ್' ಎಂದೂ ಆಗ ಕರೆಯುತ್ತಿದ್ದದ್ದು. ಎರಡರಲ್ಲೂ ಎದುರಿನವರ ದೇಶದ ಹೆಸರಿಲ್ಲ. ನಮ್ಮದೇ ನೆಲದ ಉತ್ತರ ಭಾಗ, ನಮ್ಮದೇ ನೆಲದ ದಕ್ಷಿಣ ಭಾಗ ಎಂದಷ್ಟೇ ಅರ್ಥ. ಎದುರುಬದುರು ಕೂತಾಗ ಅದೂ ಒರಟಾಗುತ್ತದೆಂದು 'ಬುಕ್‌ಚುಕ್', 'ನಮ್‌ಚುಕ್' ಎನ್ನುತ್ತಿದ್ದರು, ಉತ್ತರದ ಕಡೆಯವರು, ದಕ್ಷಿಣದ ಕಡೆಯವರು. ಬೀಗರ ಮನೆಯ ಮಾತುಕತೆಯಲ್ಲಿ ನಾವು ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಎನ್ನುವುದಿಲ್ಲವೇ, ಹಾಗೆ. ಯಾರ ಮನಸ್ಸಿಗೂ ನೋವಾಗದ ಹೆಸರು. ಈ ಎರಡು ಪದಗಳಿಗೆ ಕನ್ನಡದಲ್ಲಿ 'ಉತ್ತರ ಕೊರಿಯಾ, ದಕ್ಷಿಣ ಕೊರಿಯಾ' ಎಂದು ಬರೆದ ಕೂಡಲೇ ಆ ನಯವೆಲ್ಲ ಹೋಗಿಬಿಡುತ್ತದೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಬಿಹೆಖ್ವಾದ ಬೇರು ಹುಡುಕಿಕೊಂಡು ಹಿಂದಕ್ಕೆ ಹೋದೆ. 1980ರ ದಶಕದಲ್ಲಿ ಉತ್ತರ ಕೇಳುತ್ತಿದ್ದದ್ದು ಅಣ್ವಸ್ತ್ರಮುಕ್ತ 'ವಲಯ'. ವಲಯ ಎಂದರೆ ಆಗ ದಕ್ಷಿಣದಲ್ಲಿದ್ದ ಅಮೆರಿಕದ ಅಣ್ವಸ್ತ್ರಗಳು ಹೋಗಬೇಕು, ಅಣ್ವಸ್ತ್ರ ಹೊತ್ತ ಹಡಗು, ವಿಮಾನ ಆ ಕಡೆ ಸುಳಿಯಲೂ ಬಾರದು. ದಕ್ಷಿಣ ಅದಕ್ಕೆ ಒಪ್ಪಲಿಲ್ಲ. 1991ರಲ್ಲಿ ಅಮೆರಿಕ ಅಲ್ಲಿದ್ದ ಅಸ್ತ್ರಗಳನ್ನು ವಾಪಸು ತೆಗೆದುಕೊಂಡಿತು. ಆ ವರ್ಷದ ಕೊನೆಗೆ ಇಬ್ಬರೂ ಒಪ್ಪಿ, 1992ರ ಫೆಬ್ರುವರಿಯಲ್ಲಿ ಜಾರಿಗೆ ತಂದ ಜಂಟಿ ಘೋಷಣೆಯಲ್ಲಿ 'ವಲಯ' ಹೋಗಿ 'ಬಿಹೆಖ್ವಾ' ಬಂತು. ಅದರ ಮೊದಲ ಕಲಮಿನಲ್ಲಿ ಎಂಟು ಕ್ರಿಯೆಗಳಿವೆ: ಅಣ್ವಸ್ತ್ರವನ್ನು ಪರೀಕ್ಷಿಸುವುದಿಲ್ಲ, ತಯಾರಿಸುವುದಿಲ್ಲ, ಉತ್ಪಾದಿಸುವುದಿಲ್ಲ, ಪಡೆಯುವುದಿಲ್ಲ, ಹೊಂದುವುದಿಲ್ಲ, ಕೂಡಿಡುವುದಿಲ್ಲ, ನಿಯೋಜಿಸುವುದಿಲ್ಲ, ಬಳಸುವುದಿಲ್ಲ. ಎಂಟೂ ಎರಡೂ ಕಡೆಗೆ ಅನ್ವಯ. ಅದನ್ನು ಬರೆದವರು ಸಂದಿಗೊಂದಿಗಳನ್ನೆಲ್ಲ ಮುಚ್ಚಲು ಎಷ್ಟು ಶ್ರಮಪಟ್ಟಿರಬೇಕು! ಆದರೂ ಹಳೆಯ 'ವಲಯ'ದ ಅರ್ಥವನ್ನು ಉತ್ತರ ಹೊಸ ಪದದೊಳಗೆ ಇಟ್ಟುಕೊಂಡೇ ಬಂತು. ದಕ್ಷಿಣವೂ ಅಮೆರಿಕವೂ ಅದೇ ಪದದಲ್ಲಿ ಉತ್ತರದ ಬಾಂಬನ್ನು ಮಾತ್ರ ಕಂಡವು.

ಕನ್ನಡಕ್ಕೆ ಇದನ್ನು ಏನೆಂದು ತರುವುದು? ನಮ್ಮ ಪತ್ರಿಕೆಗಳಲ್ಲಿ 'ನಿಶ್ಶಸ್ತ್ರೀಕರಣ' ಎಂದು ಬರುತ್ತಿತ್ತು. ಆ ಪದ ಕಿವಿಗೆ ಬಿದ್ದ ಕೂಡಲೇ ಯಾರೋ ಒಬ್ಬರು ಇನ್ನೊಬ್ಬರ ಕೈಯಿಂದ ಆಯುಧ ಕಿತ್ತುಕೊಳ್ಳುವ ಚಿತ್ರ ಬರುತ್ತದೆ. 'ಅಣ್ವಸ್ತ್ರ ತ್ಯಾಗ' ಎಂದರೆ ತ್ಯಾಗ ಮಾಡುವವನು ಒಬ್ಬನೇ ಆಗುತ್ತಾನೆ. ಊರಿನ ಸ್ನೇಹಿತರಿಗೆ ಬರೆದು ಕಳಿಸುವಾಗ ನಾನು 'ಪರ್ಯಾಯ ದ್ವೀಪವನ್ನು ಅಣ್ವಸ್ತ್ರಮುಕ್ತಗೊಳಿಸುವುದು' ಎಂಬಲ್ಲಿಗೆ ಬಂದು ನಿಂತೆ. ಉದ್ದವಾಯಿತು, ತಲೆಬರಹಕ್ಕೆ ಹಿಡಿಸುವುದಿಲ್ಲ. ಆದರೆ ಯಾರದ್ದು ಎಂಬ ಪ್ರಶ್ನೆ ಮೂಲದಲ್ಲಿ ಹೇಗೆ ತೆರೆದುಕೊಂಡಿದೆಯೋ ಹಾಗೇ ಇಲ್ಲೂ ಉಳಿಯುತ್ತದೆ. ಸಹಿ ಹಾಕಿದವರೇ ಮುಚ್ಚದೆ ಬಿಟ್ಟ ಬಾಗಿಲನ್ನು ಮುಚ್ಚುವ ಅಧಿಕಾರ ಭಾಷಾಂತರಕಾರರಿಗಿಲ್ಲ. ಏಪ್ರಿಲ್ 27ರ ಸಂಜೆ ನಾನು ಅದನ್ನು ಮುಚ್ಚಿದ್ದೆ.

ಆಗ ನಾನಿದ್ದದ್ದು ಗೊಯಾಂಗ್‌ನ ಇಲ್ಸಾನ್ ಬಡಾವಣೆಯಲ್ಲಿ, ಒಬ್ಬ ಅಜ್ಜಿಯ ಮನೆಯ ಮಹಡಿಯಲ್ಲಿ. ಹಾಲ್ಮೊನಿ ಎಂದು ಕರೆಯುತ್ತಿದ್ದೆ. ಅವರ ಹುಟ್ಟೂರು ಕೆಸೊಂಗ್. ಯುದ್ಧಕ್ಕೆ ಮೊದಲು ಕೆಸೊಂಗ್ 38ನೇ ಅಕ್ಷಾಂಶದ ಕೆಳಗೆ ದಕ್ಷಿಣದಲ್ಲೇ ಇತ್ತು. 1953ರ ಜುಲೈ 27ರಂದು ಕದನವಿರಾಮವಾದಾಗ ಹೊಸ ಗೆರೆಯ ಉತ್ತರಕ್ಕೆ ಸೇರಿಹೋಯಿತು. ಒಂಬತ್ತು ವರ್ಷದ ಹುಡುಗಿಯಾಗಿದ್ದ ಅಜ್ಜಿ ಅಮ್ಮನ ಜೊತೆ ಈ ಕಡೆ ಬಂದರು. ಅಕ್ಕನಿಗೆ ಬಾಣಂತನ, ಹಸುಗೂಸು ಕಟ್ಟಿಕೊಂಡು ಹೊರಡಲಾಗಲಿಲ್ಲ. ಘೋಷಣೆ ಬಂದ ರಾತ್ರಿ ನಾನು ಕಿಂಟೆಕ್ಸ್‌ನಿಂದ ಮನೆಗೆ ಬಂದಾಗ ಅಜ್ಜಿ ದೀಪ ಆರಿಸದೆ ಕಾದಿದ್ದರು. ಬಿಹೆಖ್ವಾದ ಬಗ್ಗೆ ಒಂದು ಮಾತೂ ಕೇಳಲಿಲ್ಲ. 'ಮಗಳೇ, ಆ ಕಾಗದದಲ್ಲಿ ಕೆಸೊಂಗ್ ಅಂತ ಎಲ್ಲಾದರೂ ಇದೆಯಾ?' ಎಂದರು.

ಇತ್ತು. ಎರಡೂ ಕಡೆಯ ಅಧಿಕಾರಿಗಳು ಕೂರುವ ಜಂಟಿ ಸಂಪರ್ಕ ಕಚೇರಿಯನ್ನು ಕೆಸೊಂಗ್ ಪ್ರದೇಶದಲ್ಲಿ ತೆರೆಯುವುದೆಂದು ಬರೆದಿದ್ದರು. ಆ ಸಾಲಿನ ಮೇಲೆ ಅವರ ಬೆರಳನ್ನಿಟ್ಟು ತೋರಿಸಿದೆ. ಕನ್ನಡಕ ತಂದು ಮೂರು ಸಲ ಓದಿದರು. ಬೇರೆಯಾದ ಕುಟುಂಬಗಳ ಭೇಟಿಯ ಸಾಲು ಅದರ ಕೆಳಗೇ ಇತ್ತು. ಭೇಟಿಗೆಂದು 1988ರಿಂದ ದಕ್ಷಿಣದಲ್ಲಿ ಹೆಸರು ಬರೆಸಿದ 1,30,000ಕ್ಕೂ ಹೆಚ್ಚು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ತೀರಿಕೊಂಡಿದ್ದರು. ಉಳಿದವರಲ್ಲಿ ಯಾರು ಹೋಗಬೇಕೆಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿ ಹೇಳುತ್ತಿತ್ತು. ಆ ಆಗಸ್ಟ್‌ನಲ್ಲಿ ಕುಮ್‌ಗಾಂಗ್ ಬೆಟ್ಟದಲ್ಲಿ ಭೇಟಿ ನಡೆಯಿತು. ಅಜ್ಜಿಯ ಹೆಸರು ಬರಲಿಲ್ಲ.

'ಸಂಪರ್ಕ' ಎಂಬುದಕ್ಕೆ ಘೋಷಣೆಯಲ್ಲಿರುವ ಪದ 'ಯೊಲ್ಲಾಕ್'. ಉತ್ತರದವರು 'ರ್ಯೊಲ್ಲಾಕ್' ಅನ್ನುತ್ತಾರೆ. ಇದನ್ನು ನಾನು ಆ ಫೆಬ್ರುವರಿಯಲ್ಲೇ ನೋಟು ಮಾಡಿಕೊಂಡಿದ್ದೆ. ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ಗೆ ಎರಡೂ ಕೊರಿಯಾ ಸೇರಿ ಮಹಿಳೆಯರ ಐಸ್ ಹಾಕಿ ತಂಡ ಕಟ್ಟಿದ್ದವು, ದಕ್ಷಿಣದ 23 ಹುಡುಗಿಯರು, ಉತ್ತರದ 12. ದಕ್ಷಿಣದವರ ಆಟದ ಭಾಷೆಯೆಲ್ಲ ಇಂಗ್ಲಿಷಿನಿಂದ ಬಂದದ್ದು. ಉತ್ತರದವರಿಗೆ ಅದು ತಿಳಿಯದು, ತಂಡಕ್ಕೆಂದೇ ಪುಟ್ಟ ಶಬ್ದಪಟ್ಟಿ ಮಾಡಬೇಕಾಯಿತು. ದಕ್ಷಿಣದ ಹುಡುಗಿ ಪಕ್‌ಗೆ, ಅಂದರೆ ಆಟದ ರಬ್ಬರ್ ಬಿಲ್ಲೆಗೆ, 'ಪಾಸ್' ಎಂದು ಕೂಗುವ ಕಡೆ ಉತ್ತರದ ಹುಡುಗಿ ಕೂಗುವುದು ಇದೇ 'ರ್ಯೊಲ್ಲಾಕ್'! ಅದೇ ತಿಂಗಳು ಕಿಮ್ ಅವರ ತಂಗಿ ಕಿಮ್ ಯೊ-ಜೊಂಗ್ ಸಿಯೋಲ್‌ಗೆ ಬಂದಾಗ ಊಟದ ಮೇಜಿನಲ್ಲಿ, ನೀವು ಒಂದು ಕಡಲ ಜೀವಿಗೆ ಇಟ್ಟ ಹೆಸರನ್ನು ನಾವು ಇನ್ನೊಂದಕ್ಕೆ ಇಟ್ಟಿದ್ದೇವಲ್ಲ ಎಂದು ದಕ್ಷಿಣದ ಅಧಿಕಾರಿ ಹೇಳಿದರಂತೆ. ಹಾಗಾದರೆ ಏಕೀಕರಣವನ್ನು ಅಲ್ಲಿಂದಲೇ ಶುರು ಮಾಡೋಣ ಎಂದು ಆಕೆ ಉತ್ತರಿಸಿದರು. ಇಂಥ ಪದಗಳೇ ನನ್ನ ನೋಟುಬುಕ್ಕಿನ ಅರ್ಧ ಪುಟಗಳಲ್ಲಿವೆ.

ಪನ್‌ಮುನ್‌ಜೊಮ್ ನೋಡಲು ಹೋದಾಗ ನನಗೆ ನೆನಪಾದದ್ದು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು. ಊರಿಗೆ ಮರಳಲು ಒಲ್ಲದ ಯುದ್ಧಕೈದಿಗಳ ಹಣೆಬರಹ ತೀರ್ಮಾನಿಸಲು 1953ರಲ್ಲಿ ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಒಬ್ಬೊಬ್ಬ ಕೈದಿಯನ್ನೂ ಡೇರೆಯೊಳಗೆ ಕೂರಿಸಿ, ದುಭಾಷಿಯನ್ನು ಪಕ್ಕದಲ್ಲಿಟ್ಟುಕೊಂಡು, ನಿನ್ನ ಊರಿಗೆ ಹೋಗುತ್ತೀಯಾ ಎಂದು ಕೇಳುತ್ತಿದ್ದರು. ಆ ಕಡೆಯೂ ಬೇಡ ಈ ಕಡೆಯೂ ಬೇಡ ಎಂದ 88 ಮಂದಿಯನ್ನು ಭಾರತದ ಪಡೆ ಹಡಗಿನಲ್ಲಿ ತನ್ನ ಜೊತೆ ಕರೆತಂದಿತು. ಆ ಡೇರೆಗಳಲ್ಲಿ ಒಂದು ಪದ ತಪ್ಪಾಗಿ ಅನುವಾದವಾಗಿದ್ದರೆ ಒಂದು ಜೀವದ ದಾರಿಯೇ ಬದಲಾಗುತ್ತಿತ್ತು. ನನ್ನ ಕೆಲಸವನ್ನು ನಾನು ಅಲ್ಲಿಂದ ಅಳೆಯುತ್ತೇನೆ.

ಅದೇ 2018ರಲ್ಲಿ ಮೂನ್ ಮತ್ತು ಕಿಮ್ ಮತ್ತೆ ಕೂಡಿ ಸಹಿ ಹಾಕಿದ ಸೆಪ್ಟೆಂಬರ್ 19ರ ಪ್ಯೊಂಗ್ಯಾಂಗ್ ಘೋಷಣೆಯ ಹೊತ್ತಿಗೆ ನಾನು ಅವಸರಪಡುವುದನ್ನು ಬಿಟ್ಟಿದ್ದೆ. ಪ್ರತಿ ಕೈಗೆ ಬರುವವರೆಗೆ ಹೌದು, ಅಲ್ಲ ಎನ್ನುವುದಿಲ್ಲ ಎಂದು ತಂಡಕ್ಕೆ ಮೊದಲೇ ಹೇಳಿದ್ದೆ. ಆ ಘೋಷಣೆಯಲ್ಲಿ ಎರಡು ಪದಗಳಿಗೆ ಕೆಂಪು ಗೆರೆ ಎಳೆದೆ. ಒಂದು 'ಹೆಗ್‌ವಿಹ್ಯೊಪ್', ಅಣ್ವಸ್ತ್ರ ಬೆದರಿಕೆ. ಅಣ್ವಸ್ತ್ರವೂ ಅಣ್ವಸ್ತ್ರ ಬೆದರಿಕೆಯೂ ಇಲ್ಲದ ನೆಲ ಎಂದಿತ್ತು. ಉತ್ತರದ ಲೆಕ್ಕದಲ್ಲಿ ಬೆದರಿಕೆ ಎಂದರೆ ಅಮೆರಿಕ ಜಪಾನ್‌ನಲ್ಲೋ ಗುವಾಮ್‌ನಲ್ಲೋ ಇಟ್ಟ ಶಕ್ತಿಯೂ ಸೇರಿತು. ಇನ್ನೊಂದು 'ಸಾಂಗುಂಗ್‌ಜೋಚಿ', ತಕ್ಕ ಕ್ರಮ. ಅಮೆರಿಕ ತಕ್ಕ ಕ್ರಮ ಕೈಗೊಂಡರೆ ಯೊಂಗ್‌ಬ್ಯೊನ್ ಅಣುಸ್ಥಾವರವನ್ನು ಶಾಶ್ವತವಾಗಿ ಕಿತ್ತುಹಾಕುತ್ತೇವೆ ಎಂದು ಉತ್ತರ ಹೇಳಿತ್ತು. ತಕ್ಕದ್ದು ಎಷ್ಟು ಎಂಬುದನ್ನು ಯಾರೂ ಬರೆದಿರಲಿಲ್ಲ. ಡಿಸೆಂಬರ್ 20ರಂದು ಉತ್ತರದ ಸುದ್ದಿಸಂಸ್ಥೆ ಟಿಪ್ಪಣಿ ಹೊರಡಿಸಿ, ಪರ್ಯಾಯ ದ್ವೀಪ ಎಂದರೆ ಉತ್ತರ, ದಕ್ಷಿಣ ಮತ್ತು ಸುತ್ತಮುತ್ತಲಿನ ಪ್ರದೇಶ ಎಲ್ಲ ಸೇರಿ ಎಂದು ಬಿಡಿಸಿಯೇ ಹೇಳಿತು. ನನಗೆ ಆಶ್ಚರ್ಯವಾಗಲಿಲ್ಲ. ಸಂಕಟವಾಯಿತು.

2019ರ ಫೆಬ್ರುವರಿ 28ರಂದು ಹನೋಯ್‌ನಲ್ಲಿ ಟ್ರಂಪ್ ಮತ್ತು ಕಿಮ್ ಹಾಕಿಟ್ಟ ಊಟವನ್ನೂ ಮಾಡದೆ ಮಾತುಕತೆಯಿಂದ ಎದ್ದರು. ಮಧ್ಯರಾತ್ರಿ ಕಳೆದ ಮೇಲೆ ಉತ್ತರದ ವಿದೇಶಾಂಗ ಸಚಿವ ರಿ ಯೊಂಗ್-ಹೊ ಪತ್ರಕರ್ತರನ್ನು ಕರೆದರು. ನಾನು ಇಲ್ಸಾನ್‌ನ ಮಹಡಿಯಲ್ಲಿ ಕೂತು ಸಾಲು ಸಾಲಾಗಿ ಅನುವಾದಿಸಿ ಕಳಿಸುತ್ತಿದ್ದೆ. ನಾವು ಎಲ್ಲ ನಿರ್ಬಂಧ ತೆಗೆಯಿರಿ ಎನ್ನಲಿಲ್ಲ, ವಿಶ್ವಸಂಸ್ಥೆಯ 11 ನಿರ್ಬಂಧ ನಿರ್ಣಯಗಳ ಪೈಕಿ 2016 ಮತ್ತು 2017ರ 5ರಲ್ಲಿ ಜನಜೀವನಕ್ಕೆ ತೊಂದರೆ ಕೊಡುವ ಭಾಗವನ್ನಷ್ಟೇ ಕೇಳಿದೆವು ಎಂದರು ಅವರು. ಅಮೆರಿಕದ ಕಣ್ಣಿಗೆ ಆ ಐದೇ ಎಲ್ಲ ನಿರ್ಬಂಧಕ್ಕೂ ಸಮ, ಯೊಂಗ್‌ಬ್ಯೊನ್ ಒಂದೇ ಸಾಲದು. ಸೆಪ್ಟೆಂಬರ್‌ನಲ್ಲಿ ಖಾಲಿ ಬಿಟ್ಟಿದ್ದ 'ತಕ್ಕ' ಎಂಬ ಪದಕ್ಕೆ ಇಬ್ಬರೂ ಆ ದಿನ ತಮ್ಮ ತಮ್ಮ ಅಳತೆ ಹೇಳಿದರು, ಅಷ್ಟಕ್ಕೇ ಮುರಿದುಬಿತ್ತು. ಬೇರೆ ಕಾರಣಗಳೂ ಇದ್ದವು, ಅವನ್ನು ಬಲ್ಲವರು ಬರೆದಿದ್ದಾರೆ. ನಾನು ಹತ್ತಿರದಿಂದ ಕಂಡದ್ದು ಇದನ್ನು.

ಕೆಸೊಂಗ್‌ನ ಸಂಪರ್ಕ ಕಚೇರಿ 2018ರ ಸೆಪ್ಟೆಂಬರ್ 14ರಂದು ತೆರೆದಿತ್ತು. 2020ರ ಜೂನ್ 16ರಂದು ಉತ್ತರ ಅದನ್ನು ಸ್ಫೋಟಿಸಿತು. ಅಜ್ಜಿ ಟಿ.ವಿ.ಯಲ್ಲಿ ಹೊಗೆ ನೋಡಿ, ಆ ಕಟ್ಟಡಕ್ಕೂ ಹಳೇ ಊರಿಗೂ ಎಷ್ಟು ದೂರ ಎಂದು ಫೋನಿನ ನಕ್ಷೆಯಲ್ಲಿ ತೋರಿಸು ಎಂದರು. ಕಟ್ಟಡ ಊರಿನ ಹೊರಗೆ, ಕೈಗಾರಿಕಾ ಪ್ರದೇಶದಲ್ಲಿದೆ ಎಂದು ನಕ್ಷೆ ಹಿಗ್ಗಿಸಿ ತೋರಿಸಿದೆ. ಹಾಗೇ ನೋಡುತ್ತಾ ಕೂತರು.

2023ರ ಜುಲೈನಲ್ಲಿ ಕಿಮ್ ಯೊ-ಜೊಂಗ್ ಅವರ ಹೇಳಿಕೆಯಲ್ಲಿ 'ನಮ್‌ಜೊಸೊನ್' ಹೋಗಿ 'ದೇಹನ್‌ಮಿನ್‌ಗುಕ್' ಎಂದು ಬಂತು, ದಕ್ಷಿಣದ ಅಧಿಕೃತ ಹೆಸರು. ಮರ್ಯಾದೆಯಿಂದ ಹೆಸರು ಹಿಡಿದು ಕರೆದರಲ್ಲ ಎಂದು ಹೊರಗಿನವರಿಗೆ ಅನ್ನಿಸಬಹುದು. ನನಗೆ ಎದೆ ಧಸಕ್ಕೆಂದಿತು. ಹೆಸರಿಲ್ಲದೆ ಕರೆಯುತ್ತಿದ್ದದ್ದು ಮನೆಯವರೆಂದು. ಆ ಡಿಸೆಂಬರ್‌ನಲ್ಲಿ ಕಿಮ್, ನಮ್ಮದು ಇನ್ನು ಒಂದೇ ರಕ್ತದವರ ಸಂಬಂಧವಲ್ಲ, ಎರಡು ಶತ್ರುದೇಶಗಳ ಸಂಬಂಧ ಎಂದು ಬಹಿರಂಗವಾಗಿ ಸಾರಿದರು. ಪ್ಯೊಂಗ್ಯಾಂಗ್‌ನ ಏಕೀಕರಣ ಕಮಾನನ್ನು ಮುಂದಿನ ತಿಂಗಳು ಕೆಡವಿದರು.

ನಾನು ಇದನ್ನು ಬಿಡಿಸಿ ಹೇಳುವಾಗ ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಈಗ ಅವರಿಗೆ ಎಂಬತ್ತು ದಾಟಿದೆ. ಎರಡು ಕಡೆಗಳ ನಡುವೆ ಸಾಮಾನ್ಯ ಅಂಚೆ ಇಲ್ಲ, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಎಲ್ಲ ಕೇಳಿಸಿಕೊಂಡು, ಬೆಳ್ಳುಳ್ಳಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಕೇಳಿದರು, 'ಹಾಗಾದರೆ ಅಕ್ಕನಿಗೆ ಕಾಗದ ಬರೆದರೆ ಇನ್ನು ಹೊರದೇಶದ ಸ್ಟಾಂಪು ಅಂಟಿಸಬೇಕಾ? ಯಾರನ್ನಾದರೂ ಕೇಳಿ ಹೇಳು ಮಗಳೇ.'